ಪ್ರತಿ ಮೀಟ್‌ನಲ್ಲೂ ಗೆಲ್ಲಲೇಬೇಕಾ?

ಮೊನ್ನೆ ಭಾನುವಾರ ಮಗಳ ಈಜು ಸ್ಪರ್ಧೆ ಇತ್ತು. ನೂರು ಮೀಟರ್ ಫ್ರೀಸ್ಟೈಲ್‌ಗೆ ಹೋದ ಸಲಕ್ಕಿಂತ ಎರಡು ಸೆಕೆಂಡು ಜಾಸ್ತಿ ತಗೊಂಡಳು. ವಿ.ವಿ. ಪುರದ ಸಜ್ಜನ್ ರಾವ್ ಸರ್ಕಲ್ ಬರೋವರೆಗೂ ಸ್ಕೂಟರ್ ಮೇಲೆ ನನ್ನ ಉಪದೇಶ ನಡೀತಾನೇ ಇತ್ತು. ತಿಂಡಿ ಬೀದಿಯಲ್ಲಿ ದೋಸೆ ಕೊಡಿಸಿದರೂ ಅವಳು ತಲೆ ಎತ್ತಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ: "ಅಪ್ಪಾ, ಈ ತಿಂಗಳು ನಂಗೆ ಲೋಡಿಂಗ್. ಸುಸ್ತಾಗೇ ಇರುತ್ತೆ ಅಂತ ಸರ್ ಮೊದಲೇ ಹೇಳಿದಾರೆ."

ನಾಚಿಕೆ ಆಯ್ತು. ಮನೆಗೆ ಬಂದು ಇದರ ಬಗ್ಗೆ ಓದುತ್ತಾ ಕೂತೆ.

ತರಬೇತಿಯ ವರ್ಷವನ್ನು ಹೀಗೆ ಭಾಗ ಮಾಡೋದನ್ನ 1960ರ ದಶಕದಲ್ಲಿ ಸೋವಿಯತ್ ರಷ್ಯಾದ ಮತ್ವೆಯೆವ್ ಶಾಸ್ತ್ರವಾಗಿ ಬರೆದಿಟ್ಟರು. ಮೊದಲ ತಿಂಗಳುಗಳಲ್ಲಿ ದೂರ ದೂರ ಈಜಿ ತಳಪಾಯ ಹಾಕೋದು, ಆಮೇಲೆ ಸ್ಪರ್ಧೆಯ ವೇಗ ರೂಢಿಸೋದು, ಕೊನೆಗೆ 'ಟೇಪರ್', ಅಂದರೆ ಭಾರ ಇಳಿಸೋದು. 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಅಳೆದು ನೋಡಿದಾಗ, ಸುಮಾರು ಎರಡು ವಾರ ಅಭ್ಯಾಸದ ಪ್ರಮಾಣವನ್ನು ಶೇಕಡಾ 41ರಿಂದ 60ರಷ್ಟು ಇಳಿಸಿ, ತೀವ್ರತೆಯನ್ನು ಮಾತ್ರ ಹಾಗೇ ಉಳಿಸಿಕೊಂಡರೆ ಫಲ ಹೆಚ್ಚು ಅಂತ ಕಂಡುಬಂತು. ಸುಸ್ತು ಬೇಗ ಇಳಿಯುತ್ತೆ, ಕಸುವು ನಿಧಾನಕ್ಕೆ ಇಳಿಯುತ್ತೆ. ಆ ನಡುವಿನ ಕೆಲವೇ ದಿನ ಒಳ್ಳೇ ಟೈಮಿಂಗ್ ಬರೋದು. ತಿಂಗಳಿಗೊಮ್ಮೆ ಹೀಗೆ ಇಳಿಸ್ತಾ ಹೋದರೆ ತಳಪಾಯವೇ ಕರಗುತ್ತೆ.

ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಅವರನ್ನೇ ನೋಡಿ. ಟೋಕಿಯೊ ಒಲಿಂಪಿಕ್ಸ್‌ಗೆ ನೂರು ಮೀಟರ್ ಬ್ಯಾಕ್‌ಸ್ಟ್ರೋಕ್‌ನ 'ಎ' ಮಟ್ಟ 53.85 ಸೆಕೆಂಡು. 2021ರ ಜೂನ್ ಕೊನೆಯಲ್ಲಿ, ಅರ್ಹತೆಯ ಅವಧಿ ಮುಗಿಯೋ ಹೊತ್ತಿಗೆ, ರೋಮ್‌ನಲ್ಲಿ 53.77ಕ್ಕೆ ಈಜಿ ಅದನ್ನು ದಾಟಿದರು. ಒಂದು ತಿಂಗಳಾದ ಮೇಲೆ ಟೋಕಿಯೊದಲ್ಲಿ 54.31, ಒಟ್ಟಾರೆ 27ನೇ ಸ್ಥಾನ. ಇದು ಅವರ ತಪ್ಪು ಅಂತ ನಾನು ಹೇಳ್ತಿಲ್ಲ. ಅದಕ್ಕೆ ಹಿಂದಿನ ವರ್ಷ ಲಾಕ್‌ಡೌನ್‌ನಲ್ಲಿ ಈಜುಕೊಳಗಳೇ ತಿಂಗಳುಗಟ್ಟಲೆ ಮುಚ್ಚಿದ್ದವು. ಅರ್ಹತೆಗೊಂದು ಶಿಖರ, ತಿಂಗಳೊಳಗೆ ಸ್ಪರ್ಧೆಗೊಂದು ಶಿಖರ ಅಂದರೆ ಎಂಥವರಿಗೂ ಕಷ್ಟ ಅನ್ನೋದು ನನ್ನ ಎಣಿಕೆ.

ಒಲಿಂಪಿಕ್ಸ್ ಮಟ್ಟದವರಿಗೇ ಹೀಗಾದರೆ, ಹನ್ನೆರಡು ವರ್ಷದ ಮಕ್ಕಳಿಂದ ಶಾಲೆಯ ಮೀಟ್, ಕ್ಲಬ್ ಮೀಟ್, ರಾಜ್ಯ ಮಟ್ಟ ಎಲ್ಲದರಲ್ಲೂ ಪದಕ ಕೇಳೋ ನಾವೆಂಥವರು? ಶಾಲೆಗೆ ಕಪ್ ಬೇಕು, ನಮಗೆ ಸ್ಪೋರ್ಟ್ಸ್ ಕೋಟಾಕ್ಕೆ ಸರ್ಟಿಫಿಕೇಟ್ ಬೇಕು, ಒಪ್ಪುತ್ತೇನೆ. ಆದರೆ ಅದಕ್ಕೂ ವರ್ಷಕ್ಕೆ ಒಂದೋ ಎರಡೋ ಮುಖ್ಯ ಸ್ಪರ್ಧೆ ಆರಿಸಿಕೊಂಡು, ಉಳಿದದ್ದರಲ್ಲಿ ಸೋಲೋಕೆ ಮಕ್ಕಳಿಗೆ ಅನುಮತಿ ಕೊಡಬೇಕು. ನಮ್ಮ ಬೀದಿಯವರಿಗೆ ಇದು ಹೊಸದೇನಲ್ಲ. ಸೊಗಡಿನ ಅವರೆಕಾಯಿಗೆ ಚಳಿಗಾಲದವರೆಗೆ ಕಾಯ್ತೀವಲ್ಲ, ಜೂನ್‌ನಲ್ಲಿ ಯಾಕೆ ಬರಲಿಲ್ಲ ಅಂತ ಗಿಡದ ಜೊತೆ ಜಗಳ ಆಡ್ತೀವಾ?

ಮರುದಿನ ಕೋಚ್ ಹತ್ತಿರ ಒಂದೇ ಪ್ರಶ್ನೆ ಕೇಳಿದೆ: "ಈ ವರ್ಷ ಇವಳಿಗೆ ಮುಖ್ಯವಾದ ಸ್ಪರ್ಧೆ ಯಾವುದು ಸರ್?" ತಟ್ಟನೆ ಉತ್ತರ ಬಂತು. ಅಲ್ಲಿಯವರೆಗೆ ಸ್ಟಾಪ್‌ವಾಚ್ ಮನೆಯಲ್ಲೇ ಇಟ್ಟು ಹೋಗ್ತೀನಿ ಅಂತ ಮಗಳಿಗೆ ಮಾತು ಕೊಟ್ಟಿದ್ದೀನಿ.

ನಿಮ್ಮ ಮನೆಯಲ್ಲೂ ಆಡೋ ಮಕ್ಕಳಿದ್ದರೆ, ಈ ಪ್ರಶ್ನೆ ನೀವು ಕೇಳಿದ್ದೀರಾ?