ಹಿರಿಯರಿಗೆ ಹೊಸರುಚಿಯೇ ಬೇಕೆ?

ಸೆಪ್ಟೆಂಬರ್ ಮೊದಲ ವಾರ ರಾಷ್ಟ್ರೀಯ ಪೌಷ್ಟಿಕ ಆಹಾರ ಸಪ್ತಾಹ. ಅಕ್ಟೋಬರ್ 1 ವಿಶ್ವ ಹಿರಿಯರ ದಿನ. ಈ ಎರಡರ ನಡುವೆ ಮಹಿಳಾ ಸಮಾಜಗಳಲ್ಲಿ, ಬಡಾವಣೆಯ ಸಂಘಗಳಲ್ಲಿ, ಹಿರಿಯ ನಾಗರಿಕರ ವೇದಿಕೆಗಳಲ್ಲಿ 'ಹಿರಿಯರಿಗಾಗಿ ಅಡುಗೆ ಪ್ರಾತ್ಯಕ್ಷಿಕೆ' ಏರ್ಪಡಿಸುವುದು ಈಗ ರೂಢಿ. ಒಳ್ಳೆಯ ರೂಢಿಯೇ. ಆದರೆ ಅಲ್ಲಿ ಮಾಡಿ ತೋರಿಸುವ ಅಡುಗೆಗಳನ್ನು ನೋಡಿದಾಗ ನನಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ಬಹಳ ಉತ್ಸಾಹದಿಂದ ಮೊಳಕೆ ಕಾಳಿನ ಸಲಾಡ್, ಓಟ್ಸ್ ಕಟ್ಲೆಟ್, ಸಕ್ಕರೆ ಹಾಕದ ಖರ್ಜೂರದ ಬರ್ಫಿ ಮಾಡಿ ತೋರಿಸಿದೆ. ಚಪ್ಪಾಳೆಯೂ ಬಿತ್ತು. ಆದರೆ ರುಚಿ ನೋಡಲು ಕೊಟ್ಟಿದ್ದ ದೊನ್ನೆಗಳನ್ನು ಎತ್ತುವಾಗ ಗಮನಿಸಿದೆ. ಹೆಚ್ಚಿನವರು ಟೊಮೇಟೊ ಚೂರುಗಳನ್ನಷ್ಟೇ ತಿಂದು ಕಾಳನ್ನು ಹಾಗೆಯೇ ಬಿಟ್ಟಿದ್ದರು. ಅಗಿಯಲು ಹಲ್ಲಿದ್ದರೆ ತಾನೆ? ಕೊನೆಯಲ್ಲಿ ಎಪ್ಪತ್ತೈದು ದಾಟಿದ ಹಿರಿಯರೊಬ್ಬರು ಬಳಿಗೆ ಬಂದು, "ಎಲ್ಲ ಚೆನ್ನಾಗಿತ್ತಮ್ಮ. ನಮ್ಮ ಮನೆಯವರು ಹೋಗಿ ಎಂಟು ತಿಂಗಳಾಯಿತು. ಒಬ್ಬನಿಗೆ ಅನ್ನ ಮಾಡಿಕೊಳ್ಳಲು ಎಷ್ಟು ಅಕ್ಕಿ, ಎಷ್ಟು ನೀರು? ಅದನ್ನು ಹೇಳಿಕೊಡಿ" ಎಂದರು.

ಎರಡು ಗಂಟೆ ಅಡುಗೆ ಕಲಿಸಿದ ನಾನು ಅವರಿಗೆ ಬೇಕಾದುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಕಲಿಸಿದ್ದೆ! ಅಂದಿನಿಂದ ಯಾರಾದರೂ ಹಿರಿಯರ ಪ್ರಾತ್ಯಕ್ಷಿಕೆಗೆ ಯಾವ ಅಡುಗೆ ಆರಿಸಲಿ ಎಂದು ಕೇಳಿದರೆ ನಾನು ಒಂದೇ ಪ್ರಶ್ನೆಯನ್ನು ತಿರುಗಿ ಕೇಳುತ್ತೇನೆ. ನೋಡಿದವರು ನಾಳೆ ಬೆಳಗ್ಗೆ ತಮ್ಮ ಮನೆಯಲ್ಲಿ, ತಾವೇ ಮಾಡಿಕೊಂಡು, ಸುಲಭವಾಗಿ ಅಗಿದು ಉಣ್ಣಬಲ್ಲರೆ? ಉತ್ತರ 'ಇಲ್ಲ' ಎಂದಾದರೆ ಆ ಅಡುಗೆ ಎಷ್ಟೇ ಪೌಷ್ಟಿಕವಾಗಿರಲಿ, ಬಿಟ್ಟುಬಿಡಿ.

ಹೆಚ್ಚು ತಿನ್ನುವುದಲ್ಲ, ಕಡಿಮೆ ತಿನ್ನುವುದು

ವಯಸ್ಸಾದವರ ಆಹಾರ ಎಂದೊಡನೆ ನಮಗೆ ನೆನಪಾಗುವುದು 'ಬೇಡ'ಗಳ ಪಟ್ಟಿ. ಎಣ್ಣೆ ಬೇಡ, ತುಪ್ಪ ಬೇಡ, ಸಿಹಿ ಬೇಡ, ಬೇಳೆ ವಾಯು, ಮೊಸರು ಶೀತ. ಪ್ರಾತ್ಯಕ್ಷಿಕೆಗಳೂ ಇದೇ ದಾರಿ ಹಿಡಿಯುತ್ತವೆ. ಎಲ್ಲವನ್ನೂ ಬಿಟ್ಟ ಮೇಲೆ ಎಲೆಯಲ್ಲಿ ಉಳಿಯುವುದೇನು? ಅನ್ನ, ತಿಳಿಸಾರು, ನೀರು ಮಜ್ಜಿಗೆ.

ಒಂದು ಲೆಕ್ಕ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವವರಿಗೆ ಸುಮಾರು 46 ಗ್ರಾಂ. ವಯಸ್ಸಾದಂತೆ ಮಾಂಸಖಂಡ ಕರಗುವುದರಿಂದ ಇದಕ್ಕಿಂತ ತುಸು ಹೆಚ್ಚೇ ಇರಲಿ ಎನ್ನುವ ತಜ್ಞರಿದ್ದಾರೆ. ಈಗ ಬೆಳಗ್ಗೆ ಎರಡು ಇಡ್ಲಿ, ಎರಡು ಸಲ ಕಾಫಿ, ಮಧ್ಯಾಹ್ನ ಅನ್ನ-ತಿಳಿಸಾರು-ಮಜ್ಜಿಗೆ, ರಾತ್ರಿ ಸ್ವಲ್ಪ ಉಪ್ಪಿಟ್ಟು ಎಂದಿಟ್ಟುಕೊಳ್ಳಿ. ಸ್ಥೂಲವಾಗಿ ಕೂಡಿಸಿದರೆ 25 ಗ್ರಾಂ ಆಸುಪಾಸಿಗೆ ನಿಲ್ಲುತ್ತದೆ. ಬೇಕಾದುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಇದರ ಮೇಲೆ ಸೋಮವಾರ, ಶನಿವಾರ ಒಪ್ಪೊತ್ತು ಮಾಡುವ ಅಜ್ಜಿಯಂದಿರಿದ್ದಾರೆ. ಮಧುಮೇಹದ ಮಾತ್ರೆ ನುಂಗಿ ಊಟ ಬಿಟ್ಟು ತಲೆಸುತ್ತಿ ಬಿದ್ದವರೂ ಇದ್ದಾರೆ.

ಪರಿಣಾಮ ನಿಧಾನವಾಗಿ ಕಾಣುತ್ತದೆ. ಕೈಬಳೆ ಸಡಿಲವಾಗುತ್ತದೆ, ರವಿಕೆ ಜಾರುತ್ತದೆ, ಕಟ್ಟಿಸಿದ ಹಲ್ಲು ಕೂರುವುದಿಲ್ಲ, ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾಗುತ್ತದೆ. 'ವಯಸ್ಸಾಯಿತಲ್ಲ' ಎಂದು ನಾವು ಸುಮ್ಮನಾಗುತ್ತೇವೆ. ಇಂಥವರು ಒಮ್ಮೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರೆ ಮತ್ತೆ ಮೊದಲಿನಂತಾಗುವುದು ಕಷ್ಟ. ಯಾವ ಪ್ರಯತ್ನವೂ ಇಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ನೂರಕ್ಕೆ ಐದರಷ್ಟು, ಅಂದರೆ 60 ಕಿಲೋ ಇದ್ದವರು 57ಕ್ಕೆ ಇಳಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಆದ್ದರಿಂದ ಪ್ರಾತ್ಯಕ್ಷಿಕೆಯ ಮೊದಲ ಅಡುಗೆ 'ಏನು ಬಿಡಬೇಕು' ಎಂಬುದನ್ನಲ್ಲ, 'ಏನು ಸೇರಿಸಬೇಕು' ಎಂಬುದನ್ನು ಕಲಿಸಲಿ.

ಹಲ್ಲು, ನಾಲಗೆ, ಕೈ

ಅಡುಗೆ ಆರಿಸುವ ಮುನ್ನ ಈ ಮೂರನ್ನೂ ಯೋಚಿಸಿ.

ಹಲ್ಲು ಇಲ್ಲದವರಿಗೆ ಹಸಿ ತರಕಾರಿ, ಮೊಳಕೆ ಕಾಳು, ಗರಿಗರಿ ತಿಂಡಿ ಉಪಯೋಗವಿಲ್ಲ. ಕೋಸಂಬರಿಯೇ ಬೇಕೆಂದರೆ ಹೆಸರುಬೇಳೆಯನ್ನು ಎರಡು ಗಂಟೆ ನೆನೆಸಿ, ಸೌತೆಕಾಯಿಯನ್ನು ಕೊಚ್ಚುವ ಬದಲು ತುರಿಯಿರಿ. ಒಗ್ಗರಣೆಯ ಇಡೀ ಮೆಣಸು, ಕರಿಬೇವು ಹಲ್ಲಿನ ಸೆಟ್ಟಿಗೆ ಸಿಕ್ಕಿಕೊಳ್ಳುತ್ತವೆ, ಕುಟ್ಟಿ ಹಾಕಿ. ನುಂಗುವುದೇ ಕಷ್ಟವಾದವರು, ಪಾರ್ಶ್ವವಾಯು ಆದವರು ಸಭೆಯಲ್ಲಿದ್ದರೆ ಅವರಿಗೆ ರುಚಿ ನೋಡಲು ಕೊಡುವ ಮೊದಲು ಮನೆಯವರನ್ನು ಕೇಳಿ. ಮುದ್ದೆಯ ತುತ್ತಾಗಲಿ, ನೀರಿನಂಥ ಸಾರಾಗಲಿ ಅವರಿಗೆ ಅಪಾಯವಾಗಬಹುದು.

ನಾಲಗೆಯ ಮಾತು ಬೇರೆ. ವಯಸ್ಸಾದಂತೆ ರುಚಿ, ವಾಸನೆ ತಿಳಿಯುವ ಶಕ್ತಿ ಕುಗ್ಗುತ್ತದೆ. ಹಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಅದಕ್ಕೇ 'ಸಪ್ಪೆ, ಸಪ್ಪೆ' ಎಂದು ಉಪ್ಪಿನಕಾಯಿ ಜಾಡಿಗೆ ಕೈಹೋಗುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸೇರಿದರೆ ಇದು ಎಂದೋ ಮೀರಿರುತ್ತದೆ. ರುಚಿಯನ್ನು ಬೇರೆ ದಾರಿಯಿಂದ ತರಬೇಕು: ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ನಿಂಬೆ, ಶುಂಠಿ, ಜೀರಿಗೆ, ಇಂಗು, ಕೊತ್ತಂಬರಿ ಸೊಪ್ಪು, ಊಟಕ್ಕೆ ಕೂರುವ ಹೊತ್ತಿಗೆ ಹಾಕಿದ ಬಿಸಿ ಒಗ್ಗರಣೆ. 'ಹಿರಿಯರ ಅಡುಗೆ' ಎಂದು ಸಪ್ಪೆ ಅಡುಗೆ ಮಾಡಿ ತೋರಿಸುವವರು ಇದನ್ನು ನೆನಪಿಡಬೇಕು. ರುಚಿಯಿಲ್ಲದ ಊಟವನ್ನು ಯಾರೂ ಎರಡನೆಯ ದಿನ ಮಾಡಿಕೊಳ್ಳುವುದಿಲ್ಲ. ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ಹೇಳಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯದಲ್ಲ.

ಇನ್ನು ಕೈ. ಸಂಧಿವಾತದ ಬೆರಳಿಗೆ ಐದು ಲೀಟರಿನ ಕುಕ್ಕರಿನ ಮುಚ್ಚಳ ತಿರುಗಿಸುವುದು, ಈರುಳ್ಳಿ ಸಣ್ಣಗೆ ಹೆಚ್ಚುವುದು, ಚಪಾತಿ ಹಿಟ್ಟು ನಾದುವುದು ಎಲ್ಲವೂ ಕೆಲಸವೇ. ಅರ್ಧ ಗಂಟೆಗಿಂತ ಹೆಚ್ಚು ನಿಂತು ಮಾಡಬೇಕಾದ ಅಡುಗೆ, ಹತ್ತಕ್ಕಿಂತ ಹೆಚ್ಚು ಸಾಮಾನು ಬೇಕಾದ ಅಡುಗೆ, ಎರಡಕ್ಕಿಂತ ಹೆಚ್ಚು ಪಾತ್ರೆ ತೊಳೆಯಬೇಕಾದ ಅಡುಗೆ ಬೇಡವೆಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಬೀದಿ ಕೊನೆಯ ದಿನಸಿ ಅಂಗಡಿಯಲ್ಲಿ ಸಿಗದ ಸಾಮಾನು ಒಂದೂ ಇರಬಾರದು.

ನಮ್ಮ ಊರಿನ ಅಡುಗೆ ಸಾಲದೆ?

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ವೇದಿಕೆಗಳಲ್ಲಿ ನವಣೆ ಪಿಜ್ಜಾ, ಸಾಮೆ ನೂಡಲ್ಸ್ ಕೂಡ ಕಾಣಿಸಿಕೊಂಡಿವೆ. ಸಿರಿಧಾನ್ಯ ಒಳ್ಳೆಯದೇ. ಆದರೆ ಎಪ್ಪತ್ತು ವರ್ಷ ಮುದ್ದೆ ಉಂಡವರಿಗೆ ಪಿಜ್ಜಾ ಏಕೆ? ಹಿರಿಯರ ಊಟದ ರೂಢಿಯನ್ನು ಬದಲಿಸಲು ಹೊರಟವರು ಸೋಲುತ್ತಾರೆ. ಅದೇ ರೂಢಿಯೊಳಗೆ ಒಂದು ಹಿಡಿ ಕಾಳು, ಒಂದು ಬಟ್ಟಲು ಮೊಸರು ಸೇರಿಸಿದವರು ಗೆಲ್ಲುತ್ತಾರೆ.

ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿಯ ಬದಲು ಹೆಸರುಕಾಳನ್ನೇ ಸೇರಿಸಿ ಬೇಯಿಸಿ ತೋರಿಸಿ. ಉತ್ತರ ಕರ್ನಾಟಕದಲ್ಲಿ ಕಟಕ್ ರೊಟ್ಟಿ ಕಡಿಯಲಾರದವರಿಗೆ ಜೋಳದ ನುಚ್ಚು, ಮಜ್ಜಿಗೆ, ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ. ಹಳೆ ಮೈಸೂರಿನ ಕಡೆ ಮಸ್ಸೊಪ್ಪು. ಮಲೆನಾಡಿನಲ್ಲಿ ಒಂದೆಲಗದ ತಂಬುಳಿಯನ್ನು ಸ್ವಲ್ಪ ಗಟ್ಟಿ ಮೊಸರಿನಲ್ಲಿ ಮಾಡಿದರಾಯಿತು. ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಬೇಯಲು ಹತ್ತು ನಿಮಿಷ ಸಾಕು.

ರಾಗಿಯ ಬಗ್ಗೆ ಒಂದು ಎಚ್ಚರಿಕೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಮೂಳೆ ಸವೆದವರಿಗೆ ಒಳ್ಳೆಯದು. ಆದರೆ 'ಸಕ್ಕರೆ ಕಾಯಿಲೆಗೆ ರಾಗಿ ಎಷ್ಟು ತಿಂದರೂ ಸರಿ' ಎಂಬುದು ತಪ್ಪು ತಿಳಿವಳಿಕೆ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಅಂಬಲಿ ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಮಧುಮೇಹಿಗಳು ಅಳತೆಯಲ್ಲಿ, ಮಜ್ಜಿಗೆ, ಕಾಳು, ಪಲ್ಯದ ಜೊತೆಗೆ ತೆಗೆದುಕೊಳ್ಳಲಿ.

ಮೂರು ಅಡುಗೆ ಸಾಕು

ಒಂದು ಗಂಟೆಯ ಕಾರ್ಯಕ್ರಮದಲ್ಲಿ ಏಳೆಂಟು ಅಡುಗೆ ತೋರಿಸಿದರೆ ಒಂದೂ ನೆನಪಿರುವುದಿಲ್ಲ. ಮೂರು ಸಾಕು: ಒಂದು ದಿನನಿತ್ಯದ್ದು, ಒಂದು ಸೊಪ್ಪಿನದು, ಒಂದು ಒಲೆ ಹಚ್ಚಲಾಗದ ದಿನದ್ದು. ನನ್ನ ಆಯ್ಕೆ ಹೀಗಿದೆ.

ಮೊದಲನೆಯದು ಒಬ್ಬರಿಗಾಗುವ ಹುಗ್ಗಿ. ಕಾಫಿ ಲೋಟದಲ್ಲಿ ಕಾಲು ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ, ಎರಡೂವರೆ ಲೋಟ ನೀರು. ತೊಳೆದು ಸಣ್ಣ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಇಂಗು, ತುರಿದ ಶುಂಠಿಯ ಒಗ್ಗರಣೆ. ಎಲ್ಲರೂ ಅಕ್ಕಿ ಎರಡು ಪಾಲು, ಬೇಳೆ ಒಂದು ಪಾಲು ಹಾಕುತ್ತಾರೆ, ಇಲ್ಲಿ ಸಮಸಮ. ಇದೊಂದರಲ್ಲೇ 9 ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ. ಜೊತೆಗೆ ಒಂದು ಬಟ್ಟಲು ಮೊಸರು ಸೇರಿದರೆ 12.

ಎರಡನೆಯದು ಮಸ್ಸೊಪ್ಪು. ತೊಗರಿಬೇಳೆಯೊಡನೆ ದಂಟು, ಪಾಲಕ್ ಅಥವಾ ನುಗ್ಗೆಸೊಪ್ಪು ಬೇಯಿಸಿ ಮಸೆಯುವುದು. ಅನ್ನಕ್ಕೂ ಆಯಿತು, ಮುದ್ದೆಗೂ ಆಯಿತು. ನಾರಿನಂಶದಿಂದ ಮಲಬದ್ಧತೆಗೂ ಸಹಾಯ. ನೀರು ಕುಡಿಯುವುದನ್ನು ಮಾತ್ರ ಮರೆಯಬಾರದು. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೇ ತಡ.

ಮೂರನೆಯದು ಮೈ ಹುಷಾರಿಲ್ಲದ ದಿನಕ್ಕೆ. ತೆಳು ಅವಲಕ್ಕಿಯನ್ನು ತೊಳೆದು ಐದು ನಿಮಿಷ ಬಿಟ್ಟು ಮೊಸರು, ಎರಡು ಚಮಚ ಹುರಿಗಡಲೆ ಪುಡಿ, ಚಿಟಿಕೆ ಉಪ್ಪು ಹಾಕಿ ಕಲಸುವುದು. ಬಿಸ್ಕತ್ತು-ಕಾಫಿಯಲ್ಲಿ ರಾತ್ರಿ ಕಳೆಯುವವರಿಗೆ ಇದು ನಿಜವಾಗಿ ಬೇಕಾದ ಅಡುಗೆ.

ಕಾಯಿಲೆ ಇದ್ದವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಮೂತ್ರಪಿಂಡದ ಕಾಯಿಲೆಯವರಿಗೆ ಬೇಳೆ, ಸೊಪ್ಪು ಎಷ್ಟು ಎಂಬುದನ್ನು ಅವರ ವೈದ್ಯರೇ ಹೇಳಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಮಾತ್ರೆ ನುಂಗುವವರು ಸೊಪ್ಪನ್ನು ಬಿಡಬೇಕಾಗಿಲ್ಲ, ಆದರೆ ಒಂದು ವಾರ ರಾಶಿ, ಒಂದು ವಾರ ಏನೂ ಇಲ್ಲ ಎಂದಾಗಬಾರದು. ಇದನ್ನು ವೇದಿಕೆಯ ಮೇಲಿಂದ ಸ್ಪಷ್ಟವಾಗಿ ಹೇಳಿ.

ಯಾರು ಕಲಿಸಬೇಕು, ಯಾರು ಕಲಿಯಬೇಕು?

ಐವತ್ತು ವರ್ಷ ಒಲೆ ಮುಂದೆ ಕಳೆದ ಅಜ್ಜಿಗೆ ತೊವ್ವೆ ಮಾಡುವುದನ್ನು ಮೂವತ್ತರ ತಜ್ಞೆ ಕಲಿಸುವುದು ಸ್ವಲ್ಪ ತಮಾಷೆಯೇ. ಅವರನ್ನೇ ವೇದಿಕೆಗೆ ಕರೆಯಿರಿ. ಸೌಟು ಅವರ ಕೈಯಲ್ಲಿರಲಿ, ಬೇಳೆಯ ಅಳತೆ ಏಕೆ ಹೆಚ್ಚಿಸಬೇಕೆಂಬುದನ್ನು ನೀವು ವಿವರಿಸಿ. ಎದುರಿನ ಸಾಲಿನಲ್ಲಿ ಗಂಡಸರನ್ನು ಕೂರಿಸಿ. ಜೀವನವಿಡೀ ಬಡಿಸಿದ ತಟ್ಟೆಯ ಮುಂದೆ ಕುಳಿತವರು ಅವರು. ಹೆಂಡತಿ ಹಾಸಿಗೆ ಹಿಡಿದ ದಿನ ಇಬ್ಬರೂ ಉಪವಾಸ ಬೀಳುವ ಮನೆಗಳನ್ನು ನಾನು ಕಂಡಿದ್ದೇನೆ. ಅಳತೆಯನ್ನು ಗ್ರಾಂನಲ್ಲಿ ಹೇಳದೆ ಲೋಟ, ಚಮಚ, ಹಿಡಿಯಲ್ಲಿ ಹೇಳಿ. ಹಂಚುವ ಕಾಗದದಲ್ಲಿ ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರವಿರಲಿ. ಊಟದ ಹೊತ್ತು ಮೀರದಂತೆ ಕಾರ್ಯಕ್ರಮ ಮುಗಿಸಿ. ಇನ್ಸುಲಿನ್ ತೆಗೆದುಕೊಂಡು ಬಂದವರು ಭಾಷಣಕ್ಕಾಗಿ ಕಾಯಲಾರರು.

ಓದುಗರೇ, ನೀವು ಯಾವ ಸಂಘದ ಪದಾಧಿಕಾರಿಯೂ ಅಲ್ಲದಿರಬಹುದು. ಆದರೂ ನಿಮ್ಮ ಅಡುಗೆಮನೆಯಲ್ಲಿ ಈ ಪ್ರಾತ್ಯಕ್ಷಿಕೆ ನಡೆಸಬಹುದು. ಈ ಭಾನುವಾರ ಅಪ್ಪನನ್ನೋ ಮಾವನನ್ನೋ ಒಲೆಯ ಬಳಿ ಕುರ್ಚಿ ಹಾಕಿ ಕೂರಿಸಿ, ಒಬ್ಬರಿಗಾಗುವ ಹುಗ್ಗಿಯನ್ನು ಅವರ ಕೈಯಿಂದಲೇ ಮಾಡಿಸಿ. ಬೇರೆ ಊರಿನಲ್ಲಿ ಒಬ್ಬರೇ ಇರುವ ಅಮ್ಮನಿಗೆ ಫೋನು ಮಾಡಿದಾಗ 'ಊಟ ಆಯಿತೆ?' ಎಂದು ಕೇಳಬೇಡಿ, 'ಆಯಿತು' ಎಂದೇ ಹೇಳುತ್ತಾರೆ. 'ಏನು ಮಾಡಿಕೊಂಡೆ?' ಎಂದು ಕೇಳಿ. ಮೂರು ದಿನ ಒಂದೇ ಸಮನೆ ಅನ್ನ-ಸಾರು ಎಂಬ ಉತ್ತರ ಬಂದರೆ ಮುಂದಿನ ಸಲ ಊರಿಗೆ ಹೋಗುವಾಗ ಸಿಹಿ ಪೊಟ್ಟಣದ ಬದಲು ಎರಡು ಲೀಟರಿನ ಸಣ್ಣ ಕುಕ್ಕರು, ಒಂದು ಕಿಲೋ ಹೆಸರುಬೇಳೆ ತೆಗೆದುಕೊಂಡು ಹೋಗಿ. ಒಂದು ದಿನ ಉಳಿದು ಅವರ ಜೊತೆ ಕುಳಿತು ಉಂಡು ಬನ್ನಿ.