‘ಸುಖ’ದ ಸಾಲ ತೀರಿಸಿದವರು ಯಾರು?

ಗಿರಣಿಯ ಗೇಟಿನ ಬಳಿ ನಾವು ನಡೆಸುವ ವಾಚನಾಲಯದಲ್ಲಿ ಹೋದ ವಾರ ಒಬ್ಬ ಸಂಗಾತಿ ನಮ್ಮ ಕೈಯಲ್ಲಿದ್ದ ಪುಸ್ತಕ ಕಂಡು, “ಏನು ಮೇಷ್ಟ್ರೇ, ಅಷ್ಟೊಂದು ಮುಳುಗಿ ಓದ್ತಿದ್ದೀರಿ?” ಎಂದು ಕೇಳಿದರು. ಇಟಲಿಯ ಒಬ್ಬ ಸಿರಿವಂತ ಕೌಂಟನ ಪ್ರಣಯದ ಕಾದಂಬರಿ ಎಂದೆವು. ಅವರು ನಕ್ಕು, “ಬೋನಸ್ಸಿನ ತಕರಾರೇ ಮುಗಿದಿಲ್ಲ, ದೊಡ್ಡವರ ಚಕ್ಕಂದದ ಕಥೆ ನಮಗ್ಯಾಕೆ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿ ನಾವು ಕೊಟ್ಟ ಉತ್ತರ ನಮಗೇ ಸಾಲದೆನಿಸಿದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಆ ಪುಸ್ತಕ ಗಾಬ್ರಿಯೆಲೆ ದನುಂತ್ಸಿಯೋ ೧೮೮೯ರಲ್ಲಿ ಪ್ರಕಟಿಸಿದ ‘ಇಲ್ ಪಿಯಾಚೆರೆ’, ಎಂದರೆ ‘ಸುಖ’. ಈತ ೧೮೬೩ರಲ್ಲಿ ಪೆಸ್ಕಾರಾ ಎಂಬ ಕಡಲತೀರದ ಸಣ್ಣ ಊರಿನಲ್ಲಿ ಹುಟ್ಟಿದವನು. ೧೮೮೧ರಲ್ಲಿ ರೋಮಿಗೆ ಬಂದು, ದೊಡ್ಡ ಮನೆಗಳ ಔತಣ, ನೃತ್ಯ, ಉಡುಗೆ ತೊಡುಗೆಗಳ ವರದಿಯನ್ನು ಪತ್ರಿಕೆಗಳಿಗೆ ಬರೆದು ಹೆಸರು ಮಾಡಿದ. ಹೊರಗೆ ನಿಂತು ಕಂಡ ಆ ಲೋಕವೇ ಮುಂದೆ ಕಾದಂಬರಿಯಾಯಿತು. ಅದೇ ೧೮೮೧ರ ಜನಗಣತಿಯ ಪ್ರಕಾರ ಇಟಲಿಯಲ್ಲಿ ನೂರಕ್ಕೆ ೬೦ಕ್ಕೂ ಹೆಚ್ಚು ಜನ ಓದು ಬರಹ ಅರಿಯದವರು. ಆ ಜನ ಈ ಪುಸ್ತಕದಲ್ಲಿ ಹೆಚ್ಚಾಗಿ ಕಾಣಿಸುವುದಿಲ್ಲ.

ಕಥಾನಾಯಕ ಆಂದ್ರೆಯಾ ಸ್ಪೆರೆಲ್ಲಿ. ಕಲಾವಿದನು ಶಿಲ್ಪವನ್ನು ಕಡೆಯುವಂತೆ ಬದುಕನ್ನೇ ಒಂದು ಕಲಾಕೃತಿಯಾಗಿ ಕಡೆಯಬೇಕೆಂದು ಅವನಿಗೆ ತಂದೆ ಕಲಿಸಿದ ಪಾಠ. ಕೇಳುವುದಕ್ಕೆ ಸೊಗಸಾದ ಮಾತು. ಆದರೆ ಉಳಿಯನ್ನು ಹಿಡಿದವನು ಒಬ್ಬನಾದರೆ ಏಟು ತಿನ್ನುವ ಕಲ್ಲು ಬೇರೆ ಯಾರೋ ಆಗಿರಬೇಕಾಗುತ್ತದೆ. ಸ್ಪೆರೆಲ್ಲಿಯ ಪಾಲಿಗೆ ಆ ಕಲ್ಲು ಹೆಂಗಸರು. ಎಲೆನಾ ಮೂತಿ ಎಂಬವಳು ಅವನನ್ನು ಬಿಟ್ಟು ಹಣವಂತ ಇಂಗ್ಲಿಷ್ ಲಾರ್ಡ್ ಒಬ್ಬನನ್ನು ಮದುವೆಯಾಗುತ್ತಾಳೆ. ದ್ವಂದ್ವಯುದ್ಧದಲ್ಲಿ ಗಾಯಗೊಂಡು ಚೇತರಿಸಿಕೊಳ್ಳುವಾಗ ಮರಿಯಾ ಫೆರೆಸ್ ಎಂಬ ಸಾಧ್ವಿಯ ಪರಿಚಯವಾಗುತ್ತದೆ. ಅವಳನ್ನೂ ಗೆಲ್ಲುತ್ತಾನೆ, ಆದರೆ ಅವಳಲ್ಲಿ ಎಲೆನಾಳನ್ನೇ ಹುಡುಕುತ್ತಾನೆ. ಕಡೆಗೊಂದು ರಾತ್ರಿ ಮರಿಯಾಳನ್ನು ಅಪ್ಪಿಕೊಂಡಿರುವಾಗಲೇ ಅವನ ಬಾಯಿಂದ ಎಲೆನಾಳ ಹೆಸರು ಬೀಳುತ್ತದೆ. ಆ ಹೆಣ್ಣುಮಗಳು ನಡುಗಿ ಓಡಿಹೋಗುತ್ತಾಳೆ.

ಮರಿಯಾಳ ಗಂಡ ಗ್ವಾಟೆಮಾಲಾ ದೇಶದ ರಾಯಭಾರಿ. ಇಸ್ಪೀಟಿನಲ್ಲಿ ಮೋಸಮಾಡಿ ಸಿಕ್ಕಿಬಿದ್ದು ದಿವಾಳಿಯಾಗಿದ್ದಾನೆ. ಅವನ ಮನೆಯ ಸಾಮಾನು ಹರಾಜಿಗೆ ಬರುತ್ತದೆ. ಸ್ಪೆರೆಲ್ಲಿ ಅಲ್ಲಿಗೂ ಹೋಗಿ ಕೊಳ್ಳುತ್ತಾನೆ. ಸಂಜೆ ಮನೆಗೆ ಮರಳಿದರೆ, ಹಮಾಲರು ಒಂದು ದೊಡ್ಡ ಕಪಾಟನ್ನು ಹೊತ್ತು ಮೆಟ್ಟಿಲು ಹತ್ತುತ್ತಿರುತ್ತಾರೆ. ದಾರಿ ಪೂರ್ತಿ ಅಡ್ಡವಾಗಿರುವುದರಿಂದ, ಮೆಟ್ಟಿಲಿಗೊಂದು ಹೆಜ್ಜೆಯಿಡುತ್ತ, ಕಪಾಟಿನ ಹಿಂದೆ ಅವನು ತನ್ನ ಮನೆಯೊಳಗೆ ಹೋಗುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಮೂಟೆ ಹೊತ್ತವರು ಈ ಚಿತ್ರವನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ. ನೂರಾರು ಪುಟಗಳ ಗುಲಾಬಿ, ಪಿಂಗಾಣಿ, ರೇಷ್ಮೆಗಳ ಕೊನೆಗೆ ಉಳಿದದ್ದೇನು? ಒಂದು ಕಪಾಟು, ಅದನ್ನು ಹೊರುವ ಕೂಲಿಗಳು, ಅವರ ಹಿಂದೆ ಶವಯಾತ್ರೆಗೆ ಬಂದವನಂತೆ ನಡೆಯುವ ಒಬ್ಬ ಒಡೆಯ. ಮನುಷ್ಯರನ್ನು ಸಾಮಾನಿನಂತೆ ಕಂಡವನಿಗೆ ಕಡೆಗೆ ಸಾಮಾನೇ ಗತಿ. ಇಂಥ ಸತ್ಯವನ್ನು ಬರೆದ ಕೈ ಸಾಮಾನ್ಯವಾದದ್ದಲ್ಲ. ಅದನ್ನು ಒಪ್ಪದಿರುವುದು ಅನ್ಯಾಯ.

ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಕಡೆ ನಾವು ಓದುವುದನ್ನು ನಿಲ್ಲಿಸಿ ಯೋಚಿಸಬೇಕಾಯಿತು. ೧೮೮೭ರ ಜನವರಿಯಲ್ಲಿ ಆಫ್ರಿಕದ ದೊಗಾಲಿ ಎಂಬಲ್ಲಿ ಇಥಿಯೋಪಿಯದ ರಾಸ್ ಅಲೂಲಾನ ಪಡೆ ಇಟಲಿಯ ೪೦೦ಕ್ಕೂ ಹೆಚ್ಚು ಸಿಪಾಯಿಗಳನ್ನು ಕೊಂದಿತು. ಪರರ ನೆಲ ಕಬಳಿಸುವುದಕ್ಕೆಂದು ತಮ್ಮ ಬಡವರ ಮಕ್ಕಳನ್ನು ಕಳಿಸಿದ್ದರು ರೋಮಿನ ಮಂತ್ರಿಗಳು. ಸುದ್ದಿ ಬಂದಾಗ ಜನ ಬೀದಿಗಿಳಿದರು. ಕಾದಂಬರಿಯಲ್ಲಿ ಆ ಗುಂಪು ಸ್ಪೆರೆಲ್ಲಿಯ ಗಾಡಿಗೆ ಅಡ್ಡವಾಗುತ್ತದೆ. ಮೃಗಗಳಂತೆ ಸತ್ತ ಕೆಲವು ನೂರು ಮೃಗಗಳಿಗಾಗಿ ಇಷ್ಟು ಗದ್ದಲವೇ ಎಂಬರ್ಥದ ಮಾತಾಡಿ ಅವನು ಕಿಟಕಿಯಿಂದ ಹಿಂದೆ ಸರಿಯುತ್ತಾನೆ. ಈ ಮಾತು ಅಂದೇ ವಿವಾದವಾಯಿತು. ಅದು ಪಾತ್ರದ ಮಾತು, ತನ್ನದಲ್ಲ ಎಂದು ದನುಂತ್ಸಿಯೋ ಪ್ರಕಾಶಕನಿಗೆ ಸಮಾಧಾನ ಹೇಳಿದ. ಸಾಹಿತ್ಯದ ನ್ಯಾಯದಲ್ಲಿ ಅದು ಸರಿಯೇ. ಪಾತ್ರದ ಪಾಪವನ್ನು ಲೇಖಕನ ತಲೆಗೆ ಕಟ್ಟಬಾರದು. ಲೇಖಕನ ಬದುಕಿನಿಂದಲೇ ಅವನನ್ನು ಅಳೆಯೋಣ.

೧೮೯೭ರಲ್ಲಿ ಆತ ಬಲಪಂಥದ ಸದಸ್ಯನಾಗಿ ಪಾರ್ಲಿಮೆಂಟಿಗೆ ಹೋದ. ೧೮೯೮ರ ಮೇ ತಿಂಗಳಲ್ಲಿ ಮಿಲಾನಿನಲ್ಲಿ ರೊಟ್ಟಿಯ ಬೆಲೆ ಏರಿದ್ದಕ್ಕೆ ಎದ್ದ ಜನರ ಮೇಲೆ ಸೈನ್ಯ ಫಿರಂಗಿ ಹಾರಿಸಿತು. ಸುಮಾರು ೮೦ ಜನ ಸತ್ತರೆಂಬುದು ಸರ್ಕಾರದ ಲೆಕ್ಕ. ಮುಂದೆ ಜನರ ಬಾಯಿಕಟ್ಟುವ ಕಾನೂನುಗಳು ಬಂದಾಗ, ೧೯೦೦ರಲ್ಲಿ ಆತ ಸಭೆಯಲ್ಲೇ ಎದ್ದು ಎಡಪಕ್ಷದ ಸಾಲಿಗೆ ನಡೆದುಹೋದ. ಫ್ಲಾರೆನ್ಸಿನಲ್ಲಿ ಸಮಾಜವಾದಿಗಳ ಬೆಂಬಲದಿಂದ ಚುನಾವಣೆಗೆ ನಿಂತು ಸೋತ. ನಂಟು ಅಲ್ಲಿಗೆ ತೀರಿತು. ಸಾಲು ಬದಲಾಯಿಸುವುದೂ ಆತನಿಗೆ ಒಂದು ಸುಂದರ ದೃಶ್ಯವಾಗಿತ್ತೇ ಹೊರತು ಹೊಣೆಯಾಗಿರಲಿಲ್ಲ.

ಉದ್ದರಿ ಕೊಟ್ಟು ಅನುಭವವಿರುವ ನಮ್ಮ ವ್ಯಾಪಾರಿ ಮಿತ್ರರು ಇದನ್ನೂ ಕೇಳಬೇಕು. ಫ್ಲಾರೆನ್ಸಿನ ಬಳಿ ಕುದುರೆ, ನಾಯಿ, ಪರಿವಾರದೊಡನೆ ರಾಜನಂತೆ ಬಾಳಿದ ಈತ ಸಾಲಗಾರರ ಕಾಟ ತಾಳಲಾರದೆ ೧೯೧೦ರಲ್ಲಿ ಫ್ರಾನ್ಸಿಗೆ ಹೊರಟುಹೋದ. ೧೯೧೧ರಲ್ಲಿ ಆ ಮನೆಯ ಸಾಮಾನು ಹರಾಜಾಯಿತು. ಇಪ್ಪತ್ತೆರಡು ವರ್ಷ ಹಿಂದೆ ತಾನೇ ಬರೆದ ಕೊನೆಯ ಅಧ್ಯಾಯ ತನ್ನ ಮನೆಯಲ್ಲೇ ನಡೆಯಿತು.

ಆತನನ್ನು ಮರಳಿ ಕರೆತಂದದ್ದು ಯುದ್ಧ. ೧೯೧೫ರ ಮೇ ತಿಂಗಳಲ್ಲಿ ಸಭೆಯಿಂದ ಸಭೆಗೆ ಹೋಗಿ ದೇಶವನ್ನು ರಣಕ್ಕೆ ಕರೆದ. ತಾನೂ ಹೋರಾಡಿದ, ೧೯೧೬ರಲ್ಲಿ ಒಂದು ಕಣ್ಣು ಕಳೆದುಕೊಂಡ. ಹೇಡಿಯೆಂದು ಯಾರೂ ಹೇಳುವಂತಿಲ್ಲ. ಆದರೆ ಆ ಯುದ್ಧದಲ್ಲಿ ಸತ್ತ ಇಟಲಿಯ ೫ ಲಕ್ಷಕ್ಕೂ ಹೆಚ್ಚು ಸಿಪಾಯಿಗಳಲ್ಲಿ ಬಹುಪಾಲು ರೈತರ ಮಕ್ಕಳು. ೧೯೧೯ರ ಸೆಪ್ಟೆಂಬರಿನಲ್ಲಿ ದಂಡು ಕಟ್ಟಿಕೊಂಡು ಫಿಯೂಮೆ ನಗರವನ್ನು ಹಿಡಿದ. ಅಲ್ಲಿ ಕಾರ್ಮಿಕ ನಾಯಕ ದೆ ಆಂಬ್ರಿಸ್ ಕರಡು ಬರೆದ ಸಂವಿಧಾನದಲ್ಲಿ ಕನಿಷ್ಠ ಕೂಲಿ, ಸ್ತ್ರೀಯರ ಸಮಾನತೆ ಎಲ್ಲವೂ ಇತ್ತು. ಆದರೆ ಜನರ ಕಿವಿಗೆ ಬಿದ್ದದ್ದು ಆ ಕಾಗದವಲ್ಲ, ಉಪ್ಪರಿಗೆಯ ಮೇಲಿನಿಂದ ಬಂದ ಭಾಷಣ. ಮೇಲಿನಿಂದ ಒಬ್ಬ ಪ್ರಶ್ನೆ ಕೇಳುವುದು, ಕೆಳಗೆ ಸಾವಿರ ಜನ ಒಂದೇ ಕೊರಳಿನಲ್ಲಿ ಕೂಗುವುದು, ಕರಿಯ ಅಂಗಿ, ಚಾಚಿದ ತೋಳಿನ ವಂದನೆ. ಇದನ್ನೆಲ್ಲ ಮುಸೊಲಿನಿ ನೋಡಿ ಕಲಿತ. ೧೯೨೨ರಲ್ಲಿ ಅಧಿಕಾರ ಅವನ ಕೈಸೇರಿತು. ೧೯೨೪ರಲ್ಲಿ ಸಮಾಜವಾದಿ ನಾಯಕ ಮಾತ್ತೆಯೊತ್ತಿಯನ್ನು ಫ್ಯಾಸಿಸ್ಟರು ಕೊಂದರು. ಅದೇ ವರ್ಷ ನಮ್ಮ ಕವಿ ರಾಜಕುಮಾರನ ಪದವಿ ಪಡೆದ. ಮುಸೊಲಿನಿಯ ಹಿಟ್ಲರ್ ಸ್ನೇಹ ಆತನಿಗೆ ಹಿಡಿಸಲಿಲ್ಲವೆಂಬುದು ನಿಜ; ಆದರೂ ಸರ್ಕಾರದ ಹಣದಲ್ಲಿ ಬೆಳೆದ ಸರೋವರದಂಚಿನ ಮಹಲಿನಲ್ಲೇ ೧೯೩೮ರಲ್ಲಿ ತೀರಿಕೊಂಡ.

ಈಗ ಸಂಗಾತಿಗೆ ನಮ್ಮ ಉತ್ತರ. ಸ್ಪೆರೆಲ್ಲಿಗೆ ಜನ ಎಂದರೆ ಗಾಡಿಗೆ ಅಡ್ಡಬಂದ ಮೃಗಗಳು. ದನುಂತ್ಸಿಯೋ ಗಾಡಿಯಿಂದಿಳಿದು ಅದೇ ಜನರನ್ನು ವೀರರೆಂದು ಕರೆದ. ಮಾತು ಬದಲಾಯಿತು, ನೋಟ ಬದಲಾಯಿತೇ? ತನ್ನ ಸುಂದರ ಚಿತ್ರಕ್ಕೆ ಜನರನ್ನು ಬಣ್ಣದಂತೆ ಬಳಸುವವನು ಅವರನ್ನು ಬೈದರೂ ಒಂದೇ, ಹೊಗಳಿದರೂ ಒಂದೇ. ಬೈಯುವವನಿಂದ ದೂರವಿರಲು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೊಗಳುವವನ ಮುಂದೆ ಎಚ್ಚರವಾಗಿರುವುದೇ ಕಷ್ಟ. ವೇದಿಕೆಯ ಮೇಲೆ ನಿಂತು ಮಾತಾಡುವ ನಾವೂ ಈ ಪರೀಕ್ಷೆಗೆ ಹೊರತಲ್ಲ. ಮಾತುಗಾರ ಯಾರೇ ಆಗಲಿ, ಅವನ ಕಂಠ ಹೇಗಿದೆ ಎಂದು ನೋಡಬೇಡಿ. ಕೂಲಿಯ ವಿಷಯ ಬಂದಾಗ ಎಲ್ಲಿ ನಿಲ್ಲುತ್ತಾನೆ, ಅವನ ಸಾಲ ತೀರಿಸುವವರು ಯಾರು, ಅವನ ಕಪಾಟನ್ನು ಹೊರುವವರು ಯಾರು ಎಂದು ಕೇಳಿ.

೧೮೯೮ರ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಎಷ್ಟೋ ಭಾಗ ಕತ್ತರಿಸಿದ್ದರು. ಪೂರ್ಣ ಅನುವಾದ ೨೦೧೩ರಲ್ಲಿ ಬಂದಿದೆ. ಅದನ್ನು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಇಂಗ್ಲಿಷ್ ಬಾರದವರು ಪಾಳಿ ಮುಗಿಸಿ ಭಾನುವಾರ ಸಂಜೆ ಬನ್ನಿ. ಓದಿ ಹೇಳುತ್ತೇವೆ, ಜಗಳವನ್ನೂ ಆಡೋಣ.