ಅರ ಮೊಂಡಾಗಿದೆಯೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಶಾಲೆಯ ಕೆಲಸದ ಕೋಣೆಯಲ್ಲಿ ಈ ಗಾದೆಯನ್ನು ನಾವು ಬಹಳ ದಿನ ನಿಜಮಾಡಿ ತೋರಿಸಿದೆವು. ಹಿತ್ತಾಳೆಯ ತುಂಡನ್ನು ಸಣ್ಣ ಅರದಿಂದ ಉಜ್ಜಿದರೆ ನಯವಾಗುವ ಬದಲು ಗೀರು ಬೀಳುತ್ತಿತ್ತು. “ಅರ ಮೊಂಡಾಗಿದೆ, ಹೊಸತು ಬೇಕು” ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದೆವು. ಒಂದು ದಿನ ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ನಾಚಿಕೆಯಾಯಿತು. ಹಲ್ಲುಗಳು ಸರಿಯಾಗಿಯೇ ಇದ್ದವು. ಅವುಗಳ ನಡುವೆ ಲೋಹದ ಪುಡಿ ಗಟ್ಟಿಯಾಗಿ ಕೂತಿತ್ತು. ಗೀರು ಎಳೆಯುತ್ತಿದ್ದುದು ಆ ಪುಡಿ!

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ಅರ ಹಿಡಿಯಲು ಕಲಿಯುವಾಗಲೇ ಅದನ್ನು ಶುಚಿಮಾಡಲೂ ಕಲಿಯಬೇಕು, ಅದಕ್ಕೂ ಅಂಕಗಳಿರಬೇಕು.

ಅಲ್ಯುಮಿನಿಯಂ, ತಾಮ್ರದಂಥ ಮೆತ್ತನೆಯ ಲೋಹಗಳು ಹಲ್ಲಿನ ಸಂದಿಯಲ್ಲಿ ಬೇಗ ತುಂಬಿಕೊಳ್ಳುತ್ತವೆ. ಮೊದಲೇ ಅರಕ್ಕೆ ಸೀಮೆಸುಣ್ಣ ಉಜ್ಜಿದರೆ ಪುಡಿ ಅಷ್ಟಾಗಿ ಅಂಟದು. ಸೀಮೆಸುಣ್ಣಕ್ಕೆ ಶಾಲೆಯಲ್ಲಿ ಬರವೆ? ದೊಡ್ಡ ಅರಗಳನ್ನು ತಂತಿಯ ಬ್ರಷ್ಷಿನಿಂದ ಹಲ್ಲಿನ ಸಾಲುಗಳ ದಿಕ್ಕಿನಲ್ಲಿಯೇ ಉಜ್ಜಬೇಕು, ಅಡ್ಡಲಾಗಿ ಅಲ್ಲ. ಅಕ್ಕಸಾಲಿಗರೂ ಗಡಿಯಾರ ರಿಪೇರಿಯವರೂ ಬಳಸುವ ಸೂಜಿ ಅರಗಳ ಹಲ್ಲು ಬಲು ಸೂಕ್ಷ್ಮ. ಉಕ್ಕಿನ ತಂತಿ ಅದಕ್ಕೆ ಒಗ್ಗದು. ಹಿತ್ತಾಳೆ ತಗಡಿನ ಅಂಚನ್ನು ಹಲ್ಲಿನ ಸಾಲಿನುದ್ದಕ್ಕೂ ಮೆಲ್ಲಗೆ ತಳ್ಳಿದರೆ, ಆ ಅಂಚಿನಲ್ಲಿಯೇ ಹಲ್ಲುಗಳ ಅಚ್ಚು ಮೂಡಿ, ಕೊಳೆ ಹೊರಗೆ ಬರುತ್ತದೆ.

ಅರಗಳನ್ನು ಒಂದರ ಮೇಲೊಂದು ರಾಶಿ ಹಾಕುವುದು ಇನ್ನೊಂದು ತಪ್ಪು. ಗಟ್ಟಿ ಉಕ್ಕು ಗಟ್ಟಿ ಉಕ್ಕಿಗೆ ತಾಗಿದರೆ ಹಲ್ಲು ಮುರಿಯುತ್ತದೆ. ಒಂದೊಂದಕ್ಕೂ ಬೇರೆ ಗೂಡಿರಬೇಕು. ಜೂನ್ ತಿಂಗಳಿಂದ ನಮ್ಮ ಕಾಸರಗೋಡಿನಲ್ಲಿ ಸುರಿಯುವ ಮಳೆಯನ್ನು ಬಲ್ಲವರಿಗೆ ತುಕ್ಕಿನ ವಿಷಯ ಹೇಳಬೇಕಾಗಿಲ್ಲ. ಬೆವರಿನ ಕೈಯಿಂದ ಹಲ್ಲುಗಳನ್ನು ಸವರಬಾರದು. ಸುಣ್ಣದ ಪುಡಿಯನ್ನೂ ಕೊಡವಿ, ಒಣಬಟ್ಟೆಯಲ್ಲಿ ಸುತ್ತಿಡಬೇಕು. ಎಣ್ಣೆ ಹಚ್ಚಿಟ್ಟರಾಗದೆ ಎನ್ನಬಹುದು. ಎಣ್ಣೆ ಹತ್ತಿದ ಅರ ಲೋಹದ ಮೇಲೆ ಜಾರುತ್ತದೆ, ಪುಡಿಯನ್ನೂ ಹಿಡಿದುಕೊಳ್ಳುತ್ತದೆ. ದೀರ್ಘ ರಜೆಗೆಂದು ಹಚ್ಚಿದರೆ ಬಳಸುವ ಮೊದಲು ಪೂರ್ತಿ ಒರೆಸಿ ತೆಗೆಯಲೇಬೇಕು.

“ಇಷ್ಟೆಲ್ಲ ಏಕೆ? ಹೊಸತನ್ನು ಕೊಂಡರಾಯಿತು” ಎನ್ನುವ ಮಿತ್ರರಿದ್ದಾರೆ. ನಿಜವಾಗಿ ಸವೆದ ಅರವನ್ನು ಬ್ರಷ್ಷು ಹರಿತಗೊಳಿಸದು, ಒಪ್ಪಿದೆವು. ಹಲ್ಲಿನ ತುದಿಗಳೇ ಮಿರುಗಿದರೆ ಅದು ಸವೆದದ್ದು. ಸಂದಿಯಲ್ಲಿ ಚುಕ್ಕೆಗಳು ಮಿರುಗಿದರೆ ಕೊಳೆ ತುಂಬಿದ್ದು. ಈ ಭೇದ ತಿಳಿಯದವನ ಕೈಯಲ್ಲಿ ಹೊಸ ಅರವೂ ನಾಲ್ಕು ದಿನದಲ್ಲಿ ಹಳತಾಗುತ್ತದೆ. ಹಾಗೆ ಹಾಳಾದ ಒಂದೊಂದು ಅರಕ್ಕೂ ಮುಂದಿನ ತರಗತಿಯ ತಮ್ಮ ತಂಗಿಯರು ಸಾಲಿನಲ್ಲಿ ಕಾಯಬೇಕಾಗುತ್ತದೆ.

ನವರಾತ್ರಿಯಲ್ಲಿ ಆಯುಧಗಳಿಗೆ ಹೂ ಕುಂಕುಮವಿಟ್ಟು ಕೈಮುಗಿಯುತ್ತೇವೆ. ಅದು ವರ್ಷಕ್ಕೊಮ್ಮೆ. ಪ್ರತಿ ಅವಧಿಯ ಕೊನೆಯ ಐದು ನಿಮಿಷ ಬ್ರಷ್ಷು ಹಿಡಿದರೆ ಅದು ನಿತ್ಯಪೂಜೆ. ತಂದೆ ತಾಯಂದಿರೂ ಮನೆಯ ಗರಗಸ, ಕತ್ತಿಗಳ ಬಳಿ ಇದನ್ನು ಮಕ್ಕಳಿಂದ ಮಾಡಿಸಿ ನೋಡಲಿ. ನೆಲ ಡೊಂಕೆನ್ನುವ ಮೊದಲು ನೆಲವನ್ನೊಮ್ಮೆ ಗುಡಿಸೋಣ.